ಮನೆ ಮಾರಾಟ ಮಂದವಾಗಿರುವಾಗ: ಹತ್ತು ಬ್ರೋಕರಾ, ಒಬ್ಬರಾ, ನಾವೇನಾ?

ಕೊಳ್ಳುವವರು ಕಡಿಮೆ ಇರುವ ಕಾಲದಲ್ಲಿ ಮನೆ ಮಾರಬೇಕಾದರೆ ಒಬ್ಬರೇ ಬ್ರೋಕರಿಗೆ ಕೊಡಿ. ಬೆಲೆ, ಅವಧಿ ಎರಡನ್ನೂ ಬರೆದುಕೊಂಡು ಕೊಡಿ. ನಮ್ಮ ಮನೆ ಕೊನೆಗೆ ಮಾರಾಟವಾಗಿದ್ದು ಹಾಗೆಯೇ. ಅದಕ್ಕೆ ಮೊದಲು ಸಿಕ್ಕ ಬ್ರೋಕರಿಗೆಲ್ಲ ಹೇಳಿಟ್ಟೂ ನೋಡಿದ್ದೆವು, ನಾವೇ ಜಾಹೀರಾತು ಹಾಕಿಯೂ ನೋಡಿದ್ದೆವು.

ಹತ್ತು ಜನರಿಗೆ ಹೇಳುವುದು ಮೇಲ್ನೋಟಕ್ಕೆ ಲಾಭವೇ. ಯಾರು ಮಾರಿಸುತ್ತಾರೋ ಅವರಿಗೆ ಮಾತ್ರ ಕಮಿಷನ್, ಅಲ್ವಾ? ವ್ಯಾಪಾರ ಜೋರಾಗಿರುವಾಗ ಇದು ನಡೆಯುತ್ತದೆ. ಮಂದ ಕಾಲದಲ್ಲಿ ಇರುವ ನಾಲ್ಕೇ ಗಿರಾಕಿಗಳು ಎಲ್ಲ ಬ್ರೋಕರುಗಳ ಹತ್ತಿರವೂ ಮಾತಾಡುತ್ತಿರುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ನಮ್ಮ ಒಂದೇ ಮನೆಗೆ ಆನ್‌ಲೈನ್ ಜಾಹೀರಾತುಗಳಲ್ಲಿ ಮೂರು ಬೆಲೆ ಓಡಾಡುತ್ತಿತ್ತು. ಒಬ್ಬರು ಚೌಕಾಸಿಗೆ ಇರಲಿ ಅಂತ ಏರಿಸಿ ಹಾಕಿದ್ದರು. ಇನ್ನೊಬ್ಬರು ನಾವು ಇಳಿಸುವ ಮೊದಲಿನ ಹಳೇ ಬೆಲೆಯನ್ನೇ ಬಿಟ್ಟಿದ್ದರು. ಮತ್ತೊಬ್ಬರು ಫೋನ್ ಬರಲಿ ಅಂತ ನಮ್ಮನ್ನು ಕೇಳದೆಯೇ ಇಳಿಸಿದ್ದರು. ಮನೆ ನೋಡಲು ಬಂದ ಒಬ್ಬರು ಹಾಲ್‌ನಲ್ಲಿ ನಿಂತು ಮೊಬೈಲ್ ತೆಗೆದು, "ಇದೇ ಕಿಟಕಿ, ಇದೇ ಮೆಟ್ಟಿಲು. ಇಲ್ಲಿ ಕಮ್ಮಿ ಇದೆಯಲ್ಲ?" ಅಂದರು. ಆಮೇಲೆ ಮಾತು ಮೇಲಕ್ಕೆ ಹೋಗಲೇ ಇಲ್ಲ. ಇಬ್ಬರು ಮೂವರು ಮಾರುತ್ತಿದ್ದಾರೆ ಅಂದರೆ ಮನೆಯವರಿಗೆ ಅವಸರವಿದೆ ಅಂತ ಜನ ಲೆಕ್ಕ ಹಾಕುತ್ತಾರೆ.

ಅದಕ್ಕಿಂತ ಬೇಸರ ತಂದಿದ್ದು ಕಮಿಷನ್ ಜಗಳ. ಮನಸಾರೆ ಒಪ್ಪಿದ್ದ ಒಂದು ಕುಟುಂಬಕ್ಕೆ ಇಬ್ಬರು ಬ್ರೋಕರುಗಳು ಬೇರೆ ಬೇರೆ ದಿನ ಮನೆ ತೋರಿಸಿದ್ದರು. "ಮೊದಲು ತೋರಿಸಿದ್ದು ನಾನು" ಅಂತ ಒಬ್ಬರು, "ಮಾತು ಮುಗಿಸಿದ್ದು ನಾನು" ಅಂತ ಇನ್ನೊಬ್ಬರು. ಎರಡೆರಡು ಕಡೆ ಕಮಿಷನ್ ಕೊಡಬೇಕಾದೀತು ಅಂತ ಆ ಕುಟುಂಬ ಹಿಂದೆ ಸರಿಯಿತು. ಅಷ್ಟು ಹತ್ತಿರ ಬಂದ ವ್ಯವಹಾರ ಹಾಗೆ ತಪ್ಪಿಹೋಗಿದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಹಳೇ ಜಾಹೀರಾತುಗಳನ್ನು ತೆಗೆಸುವುದು ಇನ್ನೊಂದು ಗೋಳು. ಫೋನ್ ಮಾಡಿ ಮಾಡಿ ಸಾಕಾಗುತ್ತದೆ.

ನಾವೇ ಮಾರಿದರೆ ಕಮಿಷನ್ ಉಳಿಯುತ್ತದೆ, ನಿಜ. ಆದರೆ ಅದು ಗಿರಾಕಿಗೂ ಗೊತ್ತು. "ಮಧ್ಯೆ ಯಾರೂ ಇಲ್ವಲ್ಲ, ಅಷ್ಟು ಬಿಡಿ" ಅಂತಲೇ ಮಾತು ಶುರು ಮಾಡುತ್ತಾರೆ. ನನಗೆ ಕೆಲಸದ ಹೊತ್ತಿನಲ್ಲಿ ಫೋನ್ ಎತ್ತುವುದಕ್ಕೆ ಆಗುವುದಿಲ್ಲ. ಸಂಜೆ ತಿರುಗಿ ಮಾಡಿದರೆ ಅವರು ಬೇರೆ ಮನೆ ನೋಡಿ ಬಂದಿರುತ್ತಾರೆ. ಅಮ್ಮ ಆಸೆಪಟ್ಟು ಕಟ್ಟಿಸಿದ ಅಡುಗೆಮನೆಯನ್ನು ಯಾರೋ "ಒಡೆಸಬೇಕು" ಅಂದಾಗ ಸುಮ್ನೆ ನಿಂತು ಚೌಕಾಸಿ ಮಾಡುವುದು ನನ್ನಿಂದ ಆಗದ ಕೆಲಸ.

ಈ ದಾರಿಯಲ್ಲಿ ಒಂದು ವಿಷಯ ಮಾತ್ರ ಚೆನ್ನಾಗಿ ಕಲಿತೆವು. ಜನ ಆನ್‌ಲೈನ್‌ನಲ್ಲಿ ಹುಡುಕುವಾಗ "ಇಷ್ಟರವರೆಗೆ" ಅಂತ ಒಂದು ದುಂಡು ಮೊತ್ತ ಹಾಕುತ್ತಾರೆ. ನಿಮ್ಮ ಬೆಲೆ ಆ ಗೆರೆಗಿಂತ ಚೂರು ಮೇಲಿದ್ದರೂ ಅವರ ಕಣ್ಣಿಗೆ ಮನೆ ಬೀಳುವುದೇ ಇಲ್ಲ. ಇಳಿಸುವುದಾದರೆ ಆ ಗೆರೆಯೊಳಗೆ ಬರುವಷ್ಟು ಒಂದೇ ಸಲ ಇಳಿಸಿ. ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಹೋದರೆ ಇನ್ನೂ ಇಳಿಯಲಿ ಅಂತ ಕಾಯುತ್ತಾರೆ.

ಬಾಡಿಗೆಗೆ ಕೊಟ್ಟು ಕಾಯಬಹುದಿತ್ತು. ನಮ್ಮ ಸಾಲದ ಕಂತಿಗೆ ಬಾಡಿಗೆ ಸಾಲುತ್ತಿರಲಿಲ್ಲ, ಬಿಟ್ಟೆವು.

ಕೊನೆಗೆ ಒಬ್ಬರನ್ನು ಹಿಡಿದೆವು. ಬೇರೆಯವರಿಗೆ ಕೊಡುವುದಿಲ್ಲ ಅಂತ ನಾವು ಬರೆದುಕೊಟ್ಟಿದ್ದರಿಂದ ಅವರು ಮನಸ್ಸಿಟ್ಟು ಕೆಲಸ ಮಾಡಿದರು. ಖಾಲಿ ಮನೆಯ ಬಚ್ಚಲಿನಿಂದ ಕೆಟ್ಟ ವಾಸನೆ ಬರುತ್ತಿತ್ತು. ನಾವು ಪೈಪ್ ಒಡೆದಿರಬೇಕು ಅಂದುಕೊಂಡಿದ್ದೆವು. ಅವರು ಜಾಲರಿ ಎತ್ತಿ ಎರಡು ಚೆಂಬು ನೀರು ಹುಯ್ದರು. ಜಾಲರಿಯ ಕೆಳಗೆ ವಾಸನೆ ತಡೆಯಲು ನೀರು ನಿಲ್ಲುವ ಜಾಗ ಇರುತ್ತದೆ, ಅದಕ್ಕೆ ಟ್ರ್ಯಾಪ್ ಅಂತಾರೆ. ಬಳಸದ ಮನೆಯಲ್ಲಿ ಆ ನೀರು ಆರಿಹೋಗಿ ಚರಂಡಿಯ ಗಾಳಿ ಒಳಗೆ ಬರುತ್ತದಂತೆ. ಆಮೇಲೆ ಯಾರಾದರೂ ಬರುವ ಹಿಂದಿನ ದಿನ ಅವರೇ ಹೋಗಿ ನೀರು ಹುಯ್ದು, ಕಿಟಕಿ ತೆರೆದಿಟ್ಟು ಬರುತ್ತಿದ್ದರು.

ಗಿರಾಕಿಗೆ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಬ್ಯಾಂಕಿನಲ್ಲಿ ಎಷ್ಟು ಸಾಲ ಸಿಗುತ್ತೆ ಅಂತ ಕೇಳಿದ್ದೀರಾ?" ಬಡ್ಡಿ ಏರಿದಾಗ ಇದು ಮುಖ್ಯ. 20 ವರ್ಷದ ಸಾಲದಲ್ಲಿ ಬಡ್ಡಿ ಶೇ. 7ರಿಂದ 9ಕ್ಕೆ ಹೋದರೆ ಪ್ರತಿ ಲಕ್ಷಕ್ಕೆ ತಿಂಗಳ ಕಂತು ಸುಮಾರು 775ರಿಂದ 900ಕ್ಕೆ ಏರುತ್ತದೆ. ಮನೆ ಇಷ್ಟವಾದರೂ ಕೈಲಾಗದವರು ಎಷ್ಟೋ ಜನ. ಅಂಥವರ ಜೊತೆ ವಾರಗಟ್ಟಲೆ ಮಾತಾಡುವುದು ತಪ್ಪಿತು.

ಕಮಿಷನ್ ಪೂರ್ತಿ ಕೊಟ್ಟೆವು, ಚೌಕಾಸಿ ಮಾಡಲಿಲ್ಲ. ಖಾಲಿ ಮನೆಗೆ ಪ್ರತಿ ತಿಂಗಳೂ ಕಂತು ಕಟ್ಟುತ್ತಿದ್ದ ನಮಗೆ ಬೇಗ ಮುಗಿದಿದ್ದೇ ಉಳಿತಾಯ. ಸಾಲ ಇಲ್ಲದವರಿಗೆ, ಹಗಲು ಬಿಡುವಿರುವವರಿಗೆ ತಾವೇ ಮಾರುವುದು ಸರಿಹೋಗಬಹುದು.

ಒಬ್ಬರಿಗೇ ಕೊಡುವುದಾದರೆ ಅವಧಿಯನ್ನು ಮೂರು ತಿಂಗಳಿಗಿಂತ ಜಾಸ್ತಿ ಬರೆಯಬೇಡಿ. ನಿಮ್ಮ ನೆಂಟರೋ ಗೆಳೆಯರೋ ನೇರವಾಗಿ ಕೊಂಡರೆ ಕಮಿಷನ್ ಎಷ್ಟು ಅನ್ನುವುದನ್ನೂ ಸಹಿ ಹಾಕುವ ಮೊದಲೇ ಅದೇ ಕಾಗದದಲ್ಲಿ ಬರೆಸಿಕೊಳ್ಳಿ.