ಪಿಎಚ್‌ಡಿನಾ, ಡಿಎನ್‌ಪಿನಾ? ಎಂಎಸ್ಸಿ ನರ್ಸಿಂಗ್ ಮುಗಿಸಿದವರಿಗೆ

ನೈಟ್ ಡ್ಯೂಟಿ ಮುಗಿಸಿ ದಾದರ್‌ನಲ್ಲಿ ಡೊಂಬಿವಲಿ ಲೋಕಲ್ ಹತ್ತಿದಾಗ ನಮ್ಮ ವಾರ್ಡಿನ ಹುಬ್ಬಳ್ಳಿ ಹುಡುಗಿ ಕೇಳಿದಳು: "ಅಕ್ಕಾ, ಪಿಎಚ್‌ಡಿ ಮಾಡ್ಲೋ, ಡಿಎನ್‌ಪಿ ಮಾಡ್ಲೋ?"

ಡಿಎನ್‌ಪಿ ಅಂದ್ರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್. ಎರಡೂ ಡಾಕ್ಟರೇಟೇ, ಆದರೆ ಕೆಲಸ ಬೇರೆ. ಮಲಗಿದಲ್ಲೇ ಇರುವ ರೋಗಿಗೆ ಆಗೋ ಹುಣ್ಣು, ಬೆಡ್‌ಸೋರನ್ನೇ ತಗೊಳ್ಳಿ. ಯಾವ ರೋಗಿಗೆ ಜಾಸ್ತಿ, ಯಾಕೆ ಅಂತ ಹೊಸದಾಗಿ ಹುಡುಕಿ ಪ್ರಬಂಧ ಬರೆಯೋದು ಪಿಎಚ್‌ಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಎಲ್ಲರಿಗೂ ಗೊತ್ತು, ಆದರೆ ಒಬ್ಬ ಸಿಸ್ಟರ್‌ಗೆ ಹತ್ತು ಹಾಸಿಗೆ ಇರುವ ವಾರ್ಡಲ್ಲಿ ಅದು ಚಾರ್ಟಲ್ಲಿ ಸುಮ್ನೆ ಟಿಕ್ ಆಗದೆ ನಿಜವಾಗಿ ನಡೆಯೋ ಹಾಗೆ ಮಾಡಿ, ಫಲಿತಾಂಶ ಅಳೆದು ತೋರಿಸೋದು ಡಿಎನ್‌ಪಿ.

ಡಿಎನ್‌ಪಿ ಅಮೆರಿಕದ ಪದವಿ. ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲಿ ಇದಕ್ಕೆ ಒತ್ತು ಕೊಟ್ಟಿತು. ಬಿಎಸ್ಸಿ ನಂತರ ಕನಿಷ್ಠ 1000 ಗಂಟೆ ಪ್ರಾಕ್ಟೀಸ್ ಬೇಕು. ಖರ್ಚು ಡಾಲರ್‌ನಲ್ಲಿ, ಅದೇ ತಲೆನೋವು.

ನಮ್ಮ ದೇಶದಲ್ಲಿ ಪಿಎಚ್‌ಡಿಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಕನಿಷ್ಠ 3 ವರ್ಷ. ಮುಂಬೈಯಲ್ಲೇ ಇದ್ದು ಕಾಲೇಜಲ್ಲಿ ಪಾಠ ಮಾಡೋ, ಪ್ರಿನ್ಸಿಪಾಲ್ ಆಗೋ ಆಸೆ ಇದ್ದರೆ ನನ್ನ ಓಟು ಇದಕ್ಕೇ. ಅಮೆರಿಕಕ್ಕೆ ಹೋಗಿ ಆಸ್ಪತ್ರೆಯಲ್ಲೇ ಮೇಲೇರುವವರಿಗೆ ಡಿಎನ್‌ಪಿ ಸರಿ.

ಅವಳಿಗೆ ಹೇಳಿದ್ದು ಇಷ್ಟೇ: ಮೊದಲು ಗೈಡ್ ಯಾರು ಅಂತ ನೋಡು, ಆಮೇಲೆ ಫಾರ್ಮ್ ತುಂಬು. ಠಾಣೆ ಬರೋಷ್ಟರಲ್ಲಿ ನಿದ್ದೆ ಹೋಗಿದ್ದಳು.