ಜೋತುಬಿದ್ದ ಹೊಟ್ಟೆ, 21 ಕಿ.ಮೀ. ಓಟ: ಬೆಲ್ಟಾ, ಬಿಗಿ ಬನಿಯನ್ನಾ, ಟೈಟ್ಸಾ?

ನೇರವಾಗಿ ಹೇಳಿಬಿಡುತ್ತೇನೆ. ತೂಕ ತುಂಬಾ ಇಳಿಸಿ ಹೊಟ್ಟೆಯ ಚರ್ಮ ಜೋತುಬಿದ್ದಿದೆ, ದೂರದ ಓಟಕ್ಕೆ ತಯಾರಾಗಬೇಕು ಅನ್ನುವವರು ಹೊಕ್ಕಳು ಮುಚ್ಚುವಷ್ಟು ಎತ್ತರದ ಟೈಟ್ಸ್ (ಮೈಗೆ ಅಂಟಿಕೊಳ್ಳುವ ಬಿಗಿ ಪ್ಯಾಂಟ್) ಕೊಳ್ಳಿ. ನನಗೆ ಇದು ಗೊತ್ತಾಗುವಷ್ಟರಲ್ಲಿ 1,850 ರೂಪಾಯಿ ಖರ್ಚಾಗಿ ಹೋಗಿತ್ತು.

ಎರಡು ವರ್ಷದಲ್ಲಿ 118 ಕೆ.ಜಿ.ಯಿಂದ 77ಕ್ಕೆ ಇಳಿದೆ. ಒಂದು ಕೆ.ಜಿ. ಕಡಿಮೆಯಾದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ತಗ್ಗುತ್ತದೆ. ಅದು ನನಗೆ ಮನೆಯ ಮೆಟ್ಟಿಲು ಹತ್ತುವಾಗಲೇ ತಿಳಿಯಿತು. ಆದರೆ ಕೊಬ್ಬು ಕರಗಿದ ಹಾಗೆ ಚರ್ಮ ಕರಗುವುದಿಲ್ಲ. ವರ್ಷಗಟ್ಟಲೆ ಹಿಗ್ಗಿದ ಚರ್ಮದೊಳಗಿನ ಕೊಲ್ಯಾಜನ್, ಎಲಾಸ್ಟಿನ್ ನಾರುಗಳು ಹಾಳಾಗಿರುತ್ತವೆ, ಹಳೇ ರಬ್ಬರ್ ಬ್ಯಾಂಡಿನ ಹಾಗೆ. ಎಷ್ಟು ಓಡಿದರೂ ಗಟ್ಟಿಯಾಗುವುದು ಸ್ನಾಯು, ಚರ್ಮ ಅಲ್ಲ.

5 ಕಿ.ಮೀ. ಓಡುವಾಗ ಇದು ಅಷ್ಟಾಗಿ ಕಾಡಿರಲಿಲ್ಲ. ಅರ್ಧ ಮ್ಯಾರಥಾನ್ ಅಂದರೆ 21.1 ಕಿ.ಮೀ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಬಂದರೆ ಹತ್ತಿರ ಹತ್ತಿರ 5 ಕಿ.ಮೀ. ಅಂದರೆ ನಾಲ್ಕು ಸುತ್ತು, ಮೇಲೆ ಇನ್ನೊಂದಿಷ್ಟು. ನನಗೆ ಎರಡನೇ ಸುತ್ತಿನಲ್ಲೇ ಹೊಟ್ಟೆಯ ಮಡಿಕೆ ಉರಿಯಲು ಶುರುವಾಯಿತು.

ಮನೆಯಲ್ಲಿದ್ದ ಹತ್ತಿ ಬನಿಯನ್ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ.

ಆಮೇಲೆ ಮೆಡಿಕಲ್ ಶಾಪಿನ ಹೊಟ್ಟೆ ಬೆಲ್ಟ್ ತಂದೆ, 450 ರೂ. ಬಾಣಂತಿಯರು ಕಟ್ಟಿಕೊಳ್ಳುತ್ತಾರಲ್ಲ, ಅದೇ. ಚರ್ಮ ಒಂಚೂರೂ ಅಲುಗಲಿಲ್ಲ, ನಿಜ. ಆದರೆ ಹೊಟ್ಟೆ ತುಂಬಾ ಉಸಿರು ಎಳೆದುಕೊಳ್ಳಲು ಬಿಡಲಿಲ್ಲ. ಮೂರನೇ ಕಿ.ಮೀ.ಗೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ನಡಿಗೆಗೆ ಸಾಕು.

ಇನ್ನು ಬಿಗಿ ಬನಿಯನ್. ಕಂಪ್ರೆಶನ್ ವೆಸ್ಟ್ ಅಂತ ಮಾರುತ್ತಾರೆ. 1,400 ರೂ. ಅಂಗಡಿಯ ಕನ್ನಡಿ ಮುಂದೆ ಹಾಕಿಕೊಂಡು ನಿಂತಾಗ ಎಷ್ಟೋ ವರ್ಷದ ಮೇಲೆ ನನ್ನ ಹೊಟ್ಟೆ ಚಪ್ಪಟೆ ಕಾಣಿಸಿತು. ಕಣ್ಣು ತುಂಬಿ ಬಂತು. ಬೆಲೆ ಕೂಡ ಸರಿಯಾಗಿ ನೋಡದೆ ತೆಗೆದುಕೊಂಡೆ.

ಭಾನುವಾರ ಹಾಕಿಕೊಂಡು ಹೊರಟೆ. ನಾಲ್ಕನೇ ಕಿ.ಮೀ. ಹೊತ್ತಿಗೆ ಬನಿಯನ್‌ನ ಅಂಚು ಮೇಲಕ್ಕೆ ಸುರುಳಿ ಸುತ್ತಿಕೊಳ್ಳಲು ಶುರು. ಎಳೆದು ಸರಿಮಾಡಿದರೆ ಇನ್ನೂರು ಹೆಜ್ಜೆಗೆ ಮತ್ತೆ ಅದೇ. ಸುತ್ತಿ ಸುತ್ತಿ ಹಗ್ಗದ ಹಾಗಾಗಿ, ಸರಿಯಾಗಿ ಮಡಿಕೆಯೊಳಗೆ ಹೋಗಿ ಕೂರುತ್ತಿತ್ತು. ಎರಡನೇ ಸುತ್ತಿನಲ್ಲಿ ಎಣಿಸಿದೆ, 23 ಸಲ ಎಳೆದಿದ್ದೇನೆ. ಪ್ರತಿ ಸಲವೂ ಓಟದ ಲಯ ತಪ್ಪುತ್ತದೆ. ಅದರ ಮೇಲೆ, ಆ ಹೊತ್ತಿಗೆ ಕೆರೆ ಏರಿಯ ಮೇಲೆ ವಾಕಿಂಗ್ ಬರುವವರು ಜಾಸ್ತಿ. ಟೀ ಶರ್ಟ್ ಒಳಗೆ ಕೈ ಹಾಕುವಾಗ ಯಾರಿಗಾದರೂ ಹೊಟ್ಟೆ ಕಾಣಿಸಿಬಿಟ್ಟರೆ ಅನ್ನುವ ಭಯ ಬೇರೆ.

ಮನೆಗೆ ಬಂದು ಮೈಮೇಲೆ ಬಿಸಿನೀರು ಸುರಿದುಕೊಂಡೆ, ಅಷ್ಟೇ. ಕೂಗಿಬಿಟ್ಟೆ. ಈ ಸೊಂಟದಿಂದ ಆ ಸೊಂಟದವರೆಗೆ ಕಿರುಬೆರಳಗಲ ಚರ್ಮ ಸುಲಿದು ಕೆಂಪಗಾಗಿತ್ತು. ಬೆವರು ಒಣಗಿದಾಗ ಉಳಿಯುವ ಉಪ್ಪು ಉಜ್ಜುವುದನ್ನು ಇನ್ನೂ ಜಾಸ್ತಿ ಮಾಡುತ್ತದೆ. "ಏನ್ರೀ ಇದು, ಬರೆ ಎಳೆದ ಹಾಗಿದೆ!" ಅಂದಳು ಹೆಂಡತಿ. ನಾಲ್ಕು ದಿನ ಪಂಚೆ ಬಿಟ್ಟು ಬೇರೇನೂ ಉಡಲು ಆಗಲಿಲ್ಲ.

ಬನಿಯನ್ನನ್ನು ಚಡ್ಡಿಯೊಳಗೆ ಸಿಕ್ಕಿಸಿ ನೋಡಿದೆ, ಪಿನ್ನು ಹಾಕಿ ನೋಡಿದೆ, ಏನೂ ಪ್ರಯೋಜನವಾಗಲಿಲ್ಲ. ಆಮೇಲೆ ಕಾರಣ ಹೊಳೆಯಿತು. ಬನಿಯನ್ ಮೇಲಿನಿಂದ ಕೆಳಕ್ಕೆ ಬಂದು ಮುಗಿಯುವುದೇ ಮಡಿಕೆ ಇರುವ ಜಾಗದಲ್ಲಿ. ಟೈಟ್ಸ್ ಹಾಗಲ್ಲ. ಕೆಳಗಿನಿಂದ ಚರ್ಮವನ್ನು ಎತ್ತಿ ಹಿಡಿಯುತ್ತದೆ, ಅದರ ಅಂಚು ಹೊಕ್ಕಳಿನ ಮೇಲೆ, ಮಡಿಕೆಯೇ ಇಲ್ಲದ ಕಡೆ ಬಂದು ನಿಲ್ಲುತ್ತದೆ.

ಗಂಡಸರ ವಿಭಾಗದಲ್ಲಿ ಅಷ್ಟು ಎತ್ತರದ್ದು ನನಗೆ ಸಿಗಲಿಲ್ಲ. ಹೆಂಡತಿಯೇ ಹೆಂಗಸರ ವಿಭಾಗದಿಂದ ಆರಿಸಿ ಕೊಟ್ಟಳು, 850 ರೂ. ಮೇಲೊಂದು ಚಡ್ಡಿ ಹಾಕಿದರೆ ಆಯಿತು. ಹಾಕಿಕೊಳ್ಳುವ ಕ್ರಮ ಒಂದಿದೆ: ಎರಡೂ ಕೈಯಲ್ಲಿ ಚರ್ಮ ಎತ್ತಿ, ಮಡಿಕೆ ಒರೆಸಿ ಒಣಗಿಸಿ, ವ್ಯಾಸಲೀನ್ ಹಚ್ಚಿ, ಆಮೇಲೆ ಪಟ್ಟಿಯನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ತೊಡೆ ಸಂದು ಉರಿಯುವುದೂ ಇದರಿಂದಲೇ ನಿಂತಿತು. ಮೊನ್ನೆ ಭಾನುವಾರ 16 ಕಿ.ಮೀ. ಓಡಿದೆ, ಎಳೆದು ಸರಿಮಾಡಲು ಒಂದು ಸಲವೂ ಕೈ ಹೊಟ್ಟೆ ಕಡೆ ಹೋಗಲಿಲ್ಲ. ತೊಂದರೆ ಇಲ್ಲವೆಂದಲ್ಲ: ಸೆಖೆ ಆಗುತ್ತದೆ, ಬೆಳಕು ಹರಿಯುವ ಮುಂಚೆ ಹೊರಡಬೇಕು. ಮಧ್ಯೆ ಮೂತ್ರಕ್ಕೆ ಹೋಗುವುದು ಕಷ್ಟ, ಮನೆಯಲ್ಲೇ ಮುಗಿಸಿಕೊಳ್ಳಿ.

ವ್ಯಾಸಲೀನ್ ಬದಲು ಕೊಬ್ಬರಿ ಎಣ್ಣೆ? ಒಂದು ಸುತ್ತಿಗೆ ಬೆವರಿನ ಜೊತೆ ಇಳಿದು ಹೋಗುತ್ತದೆ. ಪೌಡರ್ ಒದ್ದೆಯಾಗಿ ಗಂಟು ಕಟ್ಟುತ್ತದೆ. ವ್ಯಾಸಲೀನ್ ನನಗೆ 12 ಕಿ.ಮೀ. ತನಕ ಬರುತ್ತದೆ, ಚಿಕ್ಕ ಡಬ್ಬಿ ಜೇಬಿನಲ್ಲಿಟ್ಟು ಇನ್ನೊಮ್ಮೆ ಹಚ್ಚುತ್ತೇನೆ. ಚರ್ಮ ಸುಲಿದಿದ್ದರೆ ಮಾತ್ರ ಏನೂ ಹಚ್ಚಿಕೊಂಡು ಓಡಬೇಡಿ, ಆರುವ ತನಕ ರಜೆ ತೆಗೆದುಕೊಳ್ಳಿ.

ಆಪರೇಷನ್ ಮಾಡಿಸಿ ಚರ್ಮ ತೆಗೆಸಬಹುದಲ್ವಾ ಅಂತ ಕೇಳುವವರಿದ್ದಾರೆ. ಅದಕ್ಕೆ ತೂಕ ಕೆಲವು ತಿಂಗಳು ಒಂದೇ ಕಡೆ ನಿಂತಿರಬೇಕು. ನನ್ನದು ಇನ್ನೂ ಇಳಿಯುತ್ತಿದೆ, ಕೈಯಲ್ಲಿ ಅಷ್ಟು ದುಡ್ಡೂ ಇಲ್ಲ.

ನಾನು ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಮಳೆಗಾಲದಲ್ಲಿ ಒಂದು ಜೊತೆ ಒಣಗುವುದಿಲ್ಲ. ಸಂಬಳ ಬಂದ ತಕ್ಷಣ ಅದೇ ಟೈಟ್ಸ್ ಇನ್ನೊಂದು ತರುತ್ತೇನೆ. ಬಿಗಿ ಬನಿಯನ್ ಅಣ್ಣನ ಮಗನಿಗೆ ಕೊಟ್ಟೆ. ಅವನದು ಕಡ್ಡಿ ಮೈ. "ಚಿಕ್ಕಪ್ಪ, ಒಂದು ಸಲವೂ ಸುತ್ತಿಕೊಂಡಿಲ್ಲ" ಅಂದ.