"ಮೂವತ್ತು ವರ್ಷ ಯಾರೂ ಮುಟ್ಟಿಲ್ಲ" ಅಂದ ಪದ್ಮಿನಿ ಕಾರು ತೊಗೊಂಡು ಕೆಟ್ಟೆ, ನೀವು ಹುಷಾರಿರ್ರಿ

ಎರಡು ತಿಂಗಳು ಸುಮ್ನಿದ್ದೆ, ಖರೆ ಹೇಳ್ಬೇಕಂದ್ರ ನಾಚಿಕಿ ಆಗಿತ್ತು. ಮೊನ್ನೆ ನಂಗ ಆ ಗಾಡಿ ಮಾರಿದ ಮನಷ್ಯಾನೇ ಮತ್ತೊಂದು ಗಾಡಿ ಮಾರಾಕ ಇಟ್ಟಾನ ಅಂತ ಗೊತ್ತಾಗಿ ತಲಿ ಕೆಟ್ಟು ಬರಿಯಾಕತ್ತೀನಿ. ಕಲಬುರಗಿ, ಬೀದರ್ ಕಡೆ ಹಳೇ ಫಿಯಟ್ಟು, ಅಂಬಾಸಿಡರ್ ಹುಡುಕೋರು ಪೂರ್ತಿ ಓದ್ರಿ.

ಗಾಡಿ 1978ರ ಪ್ರೀಮಿಯರ್ ಪದ್ಮಿನಿ. ಹುಮನಾಬಾದ್ ಹತ್ರ ಒಂದು ಹಳ್ಳಿಯೊಳಗ, ವಾಡೆ ಹಿಂದ ತಗಡಿನ ಶೆಡ್‌ನ್ಯಾಗ ನಿಂತಿತ್ತು. ನಮ್ಮ ದೊಡ್ಡಪ್ಪನ ಹತ್ರ ಇಂಥಾದ್ದೇ ಬಿಳಿ ಗಾಡಿ ಇತ್ರಿ, ಸ್ಟೇರಿಂಗ್ ಬಾಜೂಕೇ ಗೇರು, ಮುಂದಿನ ಸೀಟು ಉದ್ದಕ್ಕ ಒಂದೇ, ಶರಣಬಸವೇಶ್ವರ ಜಾತ್ರಿಗೆ ಅದರಾಗ ಎಂಟು ಮಂದಿ ತುರುಕ್ಕೊಂಡು ಹೋಗ್ತಿದ್ವಿ. ಇದನ್ನ ಮಾರೋನ ಮುಂದ ಹೇಳಿದ್ದೇ ನಾ ಮಾಡಿದ ಮೊದಲನೇ ತಪ್ಪು. "ಹಂಗಾದ್ರ ಇದು ನಿಮ್ಮ ಮನಿಗೇ ಬರ್ಬೇಕಾದ ಗಾಡಿ ಸರ್" ಅಂದ. ನಾ ಹಲ್ಲು ಕಿಸಿದೆ.

ಎರಡೂಕಾಲು ಲಕ್ಷದಿಂದ ಶುರು ಮಾಡಿ 1,85,000ಕ್ಕ ಇಳದ. ನಿಂತ ಗಾಡಿಗಿ ಯಾಕಪ್ಪಾ ಇಷ್ಟು ಅಂದ್ರ ಅಂವಂದು ಒಂದೇ ಮಾತು, ಮುಟ್ಟಿಲ್ರಿ ಸರ್, ಮೂವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ, ರಿಸ್ಟೋರ್ ಮಾಡಿದ, ಅಂದ್ರ ಬಿಚ್ಚಿ ಹೊಸಾದರಂಗ ಮಾಡಿದ ಗಾಡಿಯೊಳಗ ಏನು ಮುಚ್ಯಾರ ಅಂತ ಗೊತ್ತಾಗಂಗಿಲ್ಲ, ಇದರಾಗ ಇದ್ದದ್ದು ಇದ್ದಂಗ ಕಣ್ಣಿಗಿ ಕಾಣ್ತದ. ಮಾತು ಸುಳ್ಳಲ್ಲ ನೋಡ್ರಿ, ಅದಕ್ಕೇ ನಾ ಬಿದ್ದೆ. ರಿಸ್ಟೋರ್ ಆಗದ ಗಾಡಿ ಹುಡುಕೋರು ಎಲ್ಲಾರೂ ಹುಡುಕೋದೇ ಇದೇ ಕಾರಣಕ್ಕ.

ಸೆಲ್ಫ್ ಹೊಡದ, ಒಂದೇ ಸಲಕ್ಕ ಚಾಲೂ. ಅದಕ್ಕೂ ಮೊದಲ ಫೋಟೊ ತಗಸ್ಕೊಳ್ಳಾಕ ಅಂತ ಬಾನೆಟ್ ಮ್ಯಾಲ ಕೈ ಇಟ್ಟಿದ್ದೆ, ಚುರ್ ಅಂತು. ಬಿಸಿಲಿಗಿ ಕಾದಿರಬೇಕು ಅಂದ್ಕೊಂಡೆ. ಶೆಡ್‌ನ್ಯಾಗ ಎಲ್ಲಿ ಬಿಸಿಲು! ನಾ ಬರೋದಕ್ಕಿಂತ ಮೊದಲ ಹೆಂಗೋ ಒದ್ದಾಡಿ ಚಾಲೂ ಮಾಡಿ ಬಿಸಿ ಇಟ್ಟಾನ, ತಣ್ಣಗ ಇದ್ದಾಗ ಅದು ಇವತ್ತಿಗೂ ಮುಕ್ಕಾಲು ತಾಸು ತಳ್ಳಿದ್ರೂ ಏಳಂಗಿಲ್ಲ. ನಮ್ಮ ಮಿಸ್ತ್ರಿ ಭಾನುವಾರ ಬರ್ತೀನಿ, ಅಲ್ಲಿ ತನಕ ರೊಕ್ಕ ಕೊಡಬ್ಯಾಡ್ರಿ ಅಂದಿದ್ದ. ಮಾರೋಂವ "ಶನಿವಾರ ಹೈದರಾಬಾದ್ ಪಾರ್ಟಿ ಬರ್ತದ ಸರ್, ಆಮ್ಯಾಲ ನನ್ ಕೇಳಬ್ಯಾಡ್ರಿ" ಅಂದ. ಹೈದರಾಬಾದ್ ಪಾರ್ಟಿ! ಶುಕ್ರವಾರನೇ ಪೂರಾ ರೊಕ್ಕ ಕೊಟ್ಟೆ. ಟೋಯಿಂಗ್ ಗಾಡಿ ಮ್ಯಾಲ ಹೇರ್ಕೊಂಡು ಬರುವಾಗ ಕಮಲಾಪುರದಾಗ ನಿಲ್ಲಿಸಿ ಕೆಂಪು ಬಾಳೆಹಣ್ಣು ತೊಗೊಂಡು ಡ್ರೈವರ್‌ಗೂ ಕೊಟ್ಟೆ, ಅಷ್ಟು ಖುಷಿ.

ಭಾನುವಾರ ಮಿಸ್ತ್ರಿ ಬಂದ. ಸುತ್ತ ಒಮ್ಮಿ ತಿರುಗಿ ಏನೂ ಅನ್ಲಿಲ್ಲ. ಜಾಕ್ ಹಚ್ಚಿದ. ಗಾಡಿ ಏಳ್ಲಿಲ್ಲ, ಜಾಕೇ ಒಳಗ ಹೋಯ್ತು. ಕಡಕ್ ರೊಟ್ಟಿ ಮುರದಂಗ ಸಪ್ಪಳ. ಬಾಗಿಲ ಕೆಳಗ ಉದ್ದಕ್ಕ ಪಟ್ಟಿ ಇರ್ತದಲ್ಲ, ಅಲ್ಲಿ ಸ್ಕ್ರೂಡ್ರೈವರ್ ಹಾಕಿ ಜರಾ ಒತ್ತಿದ, ಅಂಗೈ ಅಗಲ, ತೂತು ಮುಚ್ಚಾಕ ಮೆತ್ತಿದ ಪುಟ್ಟಿ ಬಣ್ಣದ ಸಮೇತ ಕಿತ್ತು ಬಂತು. ಒಳಗಿಂದ ಒಂದು ಪೇಪರ್ ಉಂಡಿ ಎಳದು ನನ್ನ ಕೈಯಾಗ ಇಟ್ಟ. ಪುಟ್ಟಿ ಕುಂದ್ರಲಿ ಅಂತ ತೂತಿನೊಳಗ ಪೇಪರ್ ತುರುಕಿದ್ರು. ಬಿಚ್ಚಿ ನೋಡ್ತೀನಿ, ಗುಜರಾತ್ ಟೈಟನ್ಸ್ ಕಪ್ ಎತ್ತಿದ ಫೋಟೊ. 2022ರ ಐಪಿಎಲ್! ಮೂವತ್ತು ವರ್ಷ ಮುಟ್ಟದ ಗಾಡಿಯೊಳಗ ಹಾರ್ದಿಕ್ ಪಾಂಡ್ಯ ಹೆಂಗ ಬಂದ್ರಿ?

ನಮ್ಮ ಮನಿಯಾಕಿ ಬಾಗಿಲದಾಗ ನಿಂತು ನೋಡಾಕತ್ತಿದ್ಲು, ನಾ ತಲಿ ಎತ್ಲಿಲ್ಲ. ಆಮ್ಯಾಲ ಒಳಗಿನ ನೀಲಿ ರಬ್ಬರ್ ಮ್ಯಾಟ್ ತೆಗದ್ರ ಕೆಳಗ ಡಬ್ಬಿ ತಗಡು ರಿವೆಟ್ ಹೊಡದು ಡಾಂಬರ್ ಬಳದಾರ. ಈ ಗಾಡಿಗಿ ಜೀಪಿಗಿ ಇದ್ದಂಗ ಕೆಳಗ ಬ್ಯಾರೆ ಚಾಸಿ, ಅಂದ್ರ ಗಾಡಿ ಹೊರೋ ಕಬ್ಬಿಣದ ಚೌಕಟ್ಟು, ಇರಂಗಿಲ್ರಿ, ಬಾಡಿನೇ ಚಾಸಿ. ಪಟ್ಟಿ, ಫ್ಲೋರ್ ತುಕ್ಕು ಹಿಡದ್ರ ಬೆನ್ನೆಲುಬೇ ಹೋದಂಗ. ಇಂಜಿನ್ 1089 ಸಿಸಿ, ಅದನ್ನ ಇಳಿಸಿ ಬೋರ್ ಮಾಡ್ಸಬಹುದು, ಸಾಮಾನು ಹೆಂಗರೆ ಹುಡುಕಬಹುದು. ಬಾಡಿಗಿ ಟಿಂಕರಿಂಗ್ ಒಂದಕ್ಕೇ ಎರಡು ಲಕ್ಷದ ಮ್ಯಾಲ ಹೇಳ್ಯಾರ, ಅದೂ "ಬಿಚ್ಚಿದ ಮ್ಯಾಲ ಗೊತ್ತಾಗ್ತದ" ಅಂತ.

ಮಾರಿದಂವಗ ಫೋನ್ ಹಚ್ಚಿದೆ. ಮೊದಲ "ಹಳೇ ಗಾಡಿ ಅಂದ್ರ ತುಕ್ಕು ಇರ್ತದ್ರಿ ಸರ್, ನಿಮಗ ಹೊಸಾದು ಬೇಕಿತ್ತಂದ್ರ ಶೋರೂಮಿಗಿ ಹೋಗ್ಬೇಕಿತ್ತು." ಪೇಪರ್ ಫೋಟೊ ಕಳಿಸ್ದೆ. ಅದಕ್ಕ "ಇಲಿ ಒಯ್ದಿರಬೇಕು ಸರ್." ಇಲಿ ಪುಟ್ಟಿನೂ ಹಚ್ತದೇನೋ ಅಂತ ಕೇಳಿದ್ರ "ನೀವೇ ಕಣ್ಣಾರೆ ನೋಡಿ ತೊಗೊಂಡೀರಿ, ನಾ ಏನ್ ಕೈ ಹಿಡದು ಎಳದೀನೇನು" ಅಂದ. ಮರುದಿನದಿಂದ ಬರೇ ನೀಲಿ ಟಿಕ್ಕು. ಒಂದು ವಾರದ ಮ್ಯಾಲ ಕೈ ಮುಗಿಯೋ ಸ್ಟಿಕರ್ ಒಂದು ಬಂತು, ಅದೊಂದೇ.

ಕಾಗದದ ಕಥಿ ಇನ್ನೂ ಚಂದ. ಆರ್‌ಸಿ ಅವನ ಸೋದರಮಾವನ ಹೆಸರಿಗಿ ಅದ. ಹೆಸರು ಬದಲಿಸೋ ಫಾರ್ಮ್ 29, 30 ಎರಡಕ್ಕೂ ಸಹಿ ಮಾಡ್ಸೇ ಕೊಟ್ಟಿದ್ದ, ಎಷ್ಟು ಛಲೋ ಮನಷ್ಯಾ ಅಂದ್ಕೊಂಡಿದ್ದೆ. ಮಾವ ತೀರಿಕೊಂಡು ಆರು ವರ್ಷ ಆಗೇದಂತ! ಆ ಊರಿನ ಪಾನ್ ಅಂಗಡಿಯಂವ ಹೇಳಿದ. ಸಹಿ ಯಾರದು ಅಂತ ಕೇಳಿದ್ರ "ಮನಿಯೊಳಗಿಂದೇ ಸರ್, ಟೆನ್ಶನ್ ತೊಗೋಬ್ಯಾಡ್ರಿ." ಮಾಲೀಕ ಸತ್ತಿದ್ರ ಮೊದಲ ಫಾರ್ಮ್ 31 ಹಾಕಿ ವಾರಸುದಾರರ ಹೆಸರಿಗಿ ಆಗ್ಬೇಕು, ಆಮ್ಯಾಲ ನಂಗ. ವಾರಸುದಾರರು ಮೂರು ಮಂದಿ, ಒಬ್ಬಾಂವ ಸೋಲಾಪುರದಾಗ, ಅವರವರಿಗೇ ಮಾತಿಲ್ಲ. ನೋಂದಣಿ ರಿನೀವಲ್ ಆಗದ ವರ್ಷಗಳ ದಂಡ ಬ್ಯಾರೆ.

ಅಂವ ತೋರಿಸಿದ ಇನ್ನೊಂದು ಆಸೆ ಅಂದ್ರ ವಿಂಟೇಜ್. "2028ಕ್ಕ 50 ವರ್ಷ ತುಂಬ್ತದ, ವಿಂಟೇಜ್ ಗಾಡಿಗಿ ಕೊಡೋ ವಿಎ ನಂಬರ್ ಸಿಗ್ತದ, ಆಮ್ಯಾಲ ದಿನಾ ಓಡಸ್ರಿ, ಯಾರೂ ತಡಿಯಂಗಿಲ್ಲ" ಅಂದಿದ್ದ. 2021ರ ರೂಲ್ ತೆಗದು ಓದ್ದೆ, ಪೂರಾ ಉಲ್ಟಾ. ವಿಂಟೇಜ್ ಅಂತ ನೋಂದಾಯಿಸಿದ್ರ ದಿನಾ ಓಡಿಸಂಗೇ ಇಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥಾದ್ದಕ್ಕ ಮಾತ್ರ. ಹೊಸಾ ನೋಂದಣಿಗೆ ಫೀಸೇ 20,000. ಅದೂ ಗಾಡಿ ಮೂಲ ರೂಪದಾಗ ಇರ್ಬೇಕು, ಡಬ್ಬಿ ತಗಡಿನದು ಯಾವ ಮೂಲ ರೂಪ?

ನಿಮಗ ಹೇಳೋದು ಇಷ್ಟೇ. ಒಂದು ಸಣ್ಣ ಅಯಸ್ಕಾಂತ ಬಟ್ಟಿಯಾಗ ಸುತ್ತಿ ಒಯ್ರಿ, ಬಾಗಿಲ ಕೆಳಗ, ಚಕ್ರದ ಸುತ್ತ ಹಿಡೀರಿ, ಪುಟ್ಟಿಗಿ ಅಂಟಂಗಿಲ್ಲ. ಬಾನೆಟ್ ಬಿಸಿ ಇತ್ತಂದ್ರ ಚಾ ಕುಡದು ಎರಡು ತಾಸು ಕೂತು ತಣ್ಣಗಾದ ಮ್ಯಾಲ ಚಾಲೂ ಮಾಡು ಅನ್ರಿ. ಆರ್‌ಸಿಯಾಗ ಹೆಸರಿದ್ದ ಮನಷ್ಯಾನ್ನ ಕಣ್ಣಿಂದ ನೋಡದೆ ಒಂದು ರೂಪಾಯಿ ಕೊಡಬ್ಯಾಡ್ರಿ. ಮತ್ತ ದೊಡ್ಡಪ್ಪನ ಕಥಿ ಯಾರ ಮುಂದೂ ಹೇಳಬ್ಯಾಡ್ರಿ.

ಈಗ ಇಟ್ಟಿದ್ದು ಅಂಬಾಸಿಡರ್, ಮಾರ್ಕ್ 2. ಫೋಟೊ ನಾಲ್ಕು ಹಾಕ್ಯಾನ, ಅದೇ ತಗಡಿನ ಶೆಡ್ಡು, ಕೆಳಗ "ಒರಿಜಿನಲ್, ಯಾರೂ ಮುಟ್ಟಿಲ್ಲ" ಅಂತ. ಮೂರನೇ ಫೋಟೊ ದೊಡ್ಡದು ಮಾಡಿ ನೋಡ್ರಿ, ಒಳಗ ಅದೇ ನೀಲಿ ಮ್ಯಾಟ್ ಅದ.